ಖೆಂದಿಗೆ ತಂದ ಹೆಲ್ಮೆಟ್ಟು

"ಯಾವ ಖೆಂದಿ?" ಚಹಾದಂಗಡಿಯವನು ಕೆಟಲ್ ಕೆಳಗಿಡದೆಯೇ ಕೇಳಿದ. "ನಮ್ಮ ಬಿಷ್ಣುಪುರದಲ್ಲಿ ಮೂಗು ಚಪ್ಪಟೆ ಇರೋರೆಲ್ಲ ಖೆಂದಿಗಳೇ ದಾದಾ. ಸ್ಕೂಲಲ್ಲಿ ಬರೆಸಿದ ಹೆಸರು ಹೇಳಿ, ಹುಡುಕೋಣ."

ಅದು ಗೊತ್ತಿದ್ದರೆ ಅನಿಮೇಷ ಈ ಬೀದಿ ಬೀದಿ ಯಾಕೆ ಸುತ್ತುತ್ತಿದ್ದ? ಬೆಳಿಗ್ಗೆಯೇ ಹೌರಾದಿಂದ ಒಬ್ಬನೇ ಬೈಕು ಹತ್ತಿ, ಆರಾಮ್‌ಬಾಗ್ ದಾಟಿ, ಜಯಪುರದ ಕಾಡಿನ ಚಳಿಗೆ ಬೆರಳು ಸೆಟೆದುಕೊಂಡು ಬಂದವನ ಬಳಿ ಇದ್ದದ್ದು ಆ ಒಂದು ಮುದ್ದು ಹೆಸರು ಮಾತ್ರ. ಮುದುಕಿಯೋ, ಮಧ್ಯವಯಸ್ಸಿನವಳೋ, ಬದುಕಿದ್ದಾಳೋ ಇಲ್ಲವೋ, ಅದೂ ಗೊತ್ತಿಲ್ಲ.

ಬೆಂಚಿನ ಮೇಲಿದ್ದ ಒಬ್ಬ ಬೈಕಿನ ಹಿಂದೆ ಕಟ್ಟಿದ್ದ ಹೆಲ್ಮೆಟ್ಟಿನ ಮೇಲೆ ಕಣ್ಣಾಡಿಸಿದ. "ಹೆಲ್ಮೆಟ್ಟು ಬೇರೆ ಎಕ್ಸ್‌ಟ್ರಾ ತಂದಿದಾರೆ ನೋಡ್ರಪ್ಪ, ಕರ್ಕೊಂಡೇ ಹೋಗೋ ಪ್ಲಾನು. ನಮ್ಮನೇಲೂ ಒಬ್ಳು ಖೆಂದಿ ಇದಾಳೆ ದಾದಾ. ದಿನಾ ಹಾಲು ಕೊಡ್ತಾಳೆ, ಹುಲ್ಲು ತಿಂತಾಳೆ. ಆಗಬಹುದಾ?"

ಎಲ್ಲರೂ ನಕ್ಕರು. ಅನಿಮೇಷನೂ ಹಲ್ಲು ಕಿರಿದ. ಒಳಗೆ ಮಾತ್ರ ಅಳು ಬರುವಂತಿತ್ತು.

ಅವನ ಅಮ್ಮ ಇಂದುಲೇಖಾ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಸಾಗಿದ್ದವಳು. ಅವಳ ಚಪ್ಪಲಿ ಸಪ್ಪಳಕ್ಕೇ ಇಡೀ ವರಾಂಡ ಗಪ್‌ಚುಪ್ಪಾಗುತ್ತಿತ್ತಂತೆ. ಈಗ ಅವಳಿಗೆ ಮರೆವು. ಮಗನನ್ನು ಒಮ್ಮೆ ಅಣ್ಣ ಎನ್ನುತ್ತಾಳೆ, ಒಮ್ಮೆ ಹಾಲಿನವನು ಎನ್ನುತ್ತಾಳೆ. ಅದನ್ನಾದರೂ ಸಹಿಸಬಹುದಿತ್ತು. ಕಳೆದ ವಾರದಿಂದ ತಟ್ಟೆಯನ್ನೇ ದೂಡುತ್ತಿದ್ದಾಳೆ. "ಖೆಂದಿ ಇನ್ನೂ ಮನೆಗೆ ಬಂದಿಲ್ಲ. ಅವಳು ಬರದೆ ನಾನು ಹೇಗೆ ಉಣ್ಣಲಿ?" ಇದೊಂದೇ ಹಾಡು. ಹೆಂಡತಿ ಕೇಯಾ ಉಪಾಯ ಮಾಡಿ "ನಾನೇ ಖೆಂದಿ" ಎಂದು ನೋಡಿದಳು. ಅತ್ತೆ ಅವಳನ್ನು ದಿಟ್ಟಿಸಿ, "ನಿನ್ನ ಮೂಗು ಉದ್ದ" ಎಂದಿದ್ದಳು. ಇವತ್ತೂ ಉಣ್ಣದಿದ್ದರೆ ನಾಳೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಕೆ ಹಾಕಬೇಕು ಎಂದಿದ್ದಾರೆ ಡಾಕ್ಟರು.

ಬಿಷ್ಣುಪುರ ಅಮ್ಮನ ಹುಟ್ಟೂರು ಎಂಬುದಷ್ಟೇ ಅವನಿಗೆ ತಿಳಿದಿದ್ದದ್ದು. ಅವನು ಹುಟ್ಟುವ ಮೊದಲೇ ಅಜ್ಜಿ ತೀರಿಕೊಂಡು, ಮಾವ ಮನೆ ಮಾರಿ, ಆ ಕಡೆಯ ದಾರಿಯೇ ಮುಚ್ಚಿಹೋಗಿತ್ತು. ಖೆಂದಿ ಅಮ್ಮನ ತಂಗಿಯೋ, ಗೆಳತಿಯೋ, ಸಾಕಿದವಳೋ, ಯಾರಾದರಾಗಲಿ, ಕಾಲು ಹಿಡಿದಾದರೂ ಕರೆದೊಯ್ಯುವುದು ಎಂದೇ ಅವನು ಹೊರಟಿದ್ದ.

ಶಂಖದ ಬಳೆ ಮಾಡುವವರ ಕೇರಿಗೆ ಹೋಗಿ ಕೇಳಿ ಎಂದು ಯಾರೋ ಹೇಳಿದರು. ಅಲ್ಲಿ ಶಂಖ ಕೊಯ್ದ ಬಿಳಿ ಹಿಟ್ಟು ಹೊಸ್ತಿಲು, ಕಿಟಕಿ, ನಾಯಿಯ ಬೆನ್ನು ಎಲ್ಲದರ ಮೇಲೂ ಕೂತಿತ್ತು. ಜಗಲಿಯ ಇಳಿಬಿಸಿಲಿನಲ್ಲಿ ಒಬ್ಬ ಮುದುಕಿ ಬಳೆ ಉಜ್ಜುತ್ತಿದ್ದಳು. ಹೆಸರು ಟೇಪಿ ಎಂದಳು. ಹತ್ತಾರು ಬಾಗಿಲು ತಟ್ಟಿ ಬಂದವನ ಮುಖ ನೋಡಿದವಳೇ ಒಂದು ಬಟ್ಟಲು ಮಂಡಕ್ಕಿ, ಮೇಲೊಂದು ಬದನೆಕಾಯಿ ಬಜ್ಜಿ ಇಟ್ಟು ಮುಂದೆ ನೂಕಿದಳು.

"ಬೇಡ ಮಾಶಿ, ಗಂಟಲಲ್ಲಿ ಇಳಿಯಲ್ಲ."

"ಇಳಿದಾಗ ಇಳೀಲಿ, ಅಲ್ಲೇ ಇರಲಿ. ಯಾರ ಮಗ ನೀನು?"

"ಇಂದುಲೇಖಾ ಅಂತ. ಈ ಊರಿನೋರೇ."

"ಅಷ್ಟು ದೊಡ್ಡ ಹೆಸರಿನೋರು ಈ ಕೇರೀಲಿ ಯಾರೂ ಇರಲಿಲ್ಲಪ್ಪ."

ಅವನು ಫೋನಿನಲ್ಲಿ ಅಮ್ಮನ ಫೋಟೋ ತೆಗೆದು ಹಿಡಿದ. ಟೇಪಿ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಬಾಗಿದಳು.

"ಹಣೇಲಿ ಗಾಯ ಐತಲ್ಲ, ಕೆರೆ ಮೆಟ್ಟಿಲ ಮೇಲೆ ನಾನೇ ದಬ್ಬಿದ್ದು," ಎಂದಳು. "ಇವಳೇ ಕಣೋ ಖೆಂದಿ."

ಅನಿಮೇಷನಿಗೆ ಮಾತು ತಲೆಗೆ ಹೋಗಲಿಲ್ಲ. "ಇದು ನನ್ನ ಅಮ್ಮ."

"ನಿನಗೆ ಅಮ್ಮ. ನಮಗೆ ಖೆಂದಿ. ನಿಮಗೆ ಹೇಳಿಲ್ವಾ? ಹೇಳ್ತಾಳಾ ಅವಳು, ಆ ಹೆಸರು ಕಂಡ್ರೆ ಉರಿದು ಬೀಳ್ತಿದ್ಲು."

ಹೌದಲ್ಲ, ಅಮ್ಮನನ್ನು ಆ ಹೆಸರಿಂದ ಕರೆಯುವ ಹಿರಿಯರು ಮನೆಯಲ್ಲಿ ಯಾರಿದ್ದರು? ಅವಳು ಎಲ್ಲರಿಗೂ ಅತ್ತಿಗೆ, ಅಮ್ಮ, ಮಿಸ್ಸು. ಹಾಗಾದರೆ ಅಮ್ಮ ಕಾಯುತ್ತಿರುವುದು ಅಮ್ಮನನ್ನೇ? ಇದೆಂಥ ಲೆಕ್ಕ? ಅವನು ತಲೆ ಹಿಡಿದು ಕೂತ. ಅನ್ನ ಬಿಟ್ಟ ವಿಷಯವನ್ನೆಲ್ಲ ತಡವರಿಸುತ್ತ ಹೇಳಿದ.

"ಅದು ಅವಳಮ್ಮನ ಮಾತು," ಎಂದಳು ಟೇಪಿ. "ಕತ್ತಲಾದ್ರೂ ಖೆಂದಿ ಕೆರೆ ಬಿಟ್ಟು ಬರ್ತಿರಲಿಲ್ಲ. ಆ ತಾಯಿ ಬಾಗಿಲಲ್ಲಿ ನಿಂತು ಕೂಗಿ ಕೂಗಿ ಗಂಟಲು ಹರ್ಕೋತಿದ್ರು. ಮಗಳು ಬರದೆ ಒಂದು ತುತ್ತು ಮುಟ್ಟಿದೋರಲ್ಲ."

"ಈಗ ನಾನು ಯಾರನ್ನ ಕರ್ಕೊಂಡು ಹೋಗಲಿ ಮಾಶಿ?"

"ಯಾರನ್ನೂ ಬೇಡ. ಆ ತಾಯಿ ಕರೆದ ಹಾಗೇ ಅವಳನ್ನ ಕೂಗಿ ಕರಿ."

"ನೀವೇ ಕರೀರಿ. ಗೆಳತಿ ನೀವು."

"ನಾನು ಕರೆದ್ರೆ ಆಟಕ್ಕೆ ಓಡ್ತಾಳೆ. ಮನೆಗೆ ಕರೆಯೋರು ಮನೆಯೋರೇ ಆಗಬೇಕು."

ಅವನು ಕೇಯಾಳಿಗೆ ಫೋನು ಮಾಡಿದ. "ಅಮ್ಮನ ಕಿವಿ ಹತ್ರ ಹಿಡಿ. ಆಮೇಲೆ ಹೇಳ್ತೀನಿ."

"ಸಿಕ್ಕಿದ್ಲಾ?"

"ಹಿಡಿ ಅಂದೆನಲ್ಲ."

ಹೆತ್ತವಳನ್ನು ಮುದ್ದು ಹೆಸರು ಹಿಡಿದು, ಅದೂ ಹೋಗೇ ಬಾರೇ ಎಂದು, ಕೂಗುವ ಮಗ ಎಲ್ಲಾದರೂ ಇದ್ದಾನೆಯೇ? ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಕೇರಿಯ ಮೊದಲ ಮನೆಯಲ್ಲಿ ಸಂಜೆದೀಪ ಹಚ್ಚಿ ಶಂಖ ಊದಿದರು. ಪಕ್ಕದ ಮನೆಯವರು ಊದಿದರು, ಆಚೆಯವರೂ ಊದಿದರು. ಟೇಪಿ ಅವನ ಬೆನ್ನಿಗೊಂದು ಗುದ್ದಿದಳು.

"ಖೆಂದೀ," ಎಂದ ಅವನು. ಕೂಗೂ ಅಲ್ಲ, ಪಿಸುಮಾತೂ ಅಲ್ಲ. ಮತ್ತೆ ಗಂಟಲು ಬಿಟ್ಟು, "ಖೆಂದೀ... ದೀಪ ಹಚ್ಚಿ ಆಯ್ತು. ಅನ್ನ ಆರಿಹೋಗ್ತಿದೆ. ಮನೆಗೆ ಬಾರೇ."

ಶಂಖಗಳು ನಿಂತವು.

"ಬಂದೆ ಅಮ್ಮಾ," ಎಂದಿತು ಫೋನಿನಲ್ಲಿ ಒಂದು ದನಿ. ಅವನು ಹುಟ್ಟಿದಾಗಿನಿಂದ ಕೇಳಿದ ದನಿಯೇ, ಆದರೂ ಇವಳು ಯಾರೋ ಅವನಿಗೆ ಪರಿಚಯವಿಲ್ಲ. ಕುರ್ಚಿ ಎಳೆದ ಸದ್ದು, ತಟ್ಟೆಯ ಸದ್ದು. ಕೇಯಾ ಮೂಗೆಳೆದುಕೊಂಡದ್ದು ಕೇಳಿಸಿತು.

ಸ್ವಲ್ಪ ಹೊತ್ತಿನ ಮೇಲೆ, ಬಾಯಿ ತುಂಬಿಕೊಂಡೇ ಆ ದನಿ ಕೇಳಿತು: "ನೀನು ಉಂಡ್ಯಾ ಅಮ್ಮಾ?"

ಅನಿಮೇಷ ಟೇಪಿಯ ಕಡೆ ನೋಡಿದ. ಅವಳು ಬಳೆ ಉಜ್ಜುತ್ತ ತಲೆಯೆತ್ತಲಿಲ್ಲ.

"ಇಲ್ಲ ಕಣೇ. ನಿನ್ನನ್ನೇ ಕಾಯ್ತಿದ್ದೆ."

"ಬಂದೆನಲ್ಲ. ಉಣ್ಣು."

ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಬಟ್ಟಲಿಗೆ ಕೈ ಹಾಕಿದ. ಮಂಡಕ್ಕಿ ಮೆತ್ತಗಾಗಿತ್ತು.