ನಾದಿನಿ ಕೊರೆದ ಸಿಲಿಂಡರ್

ಕೊಡಿಗೇಹಳ್ಳಿಯ ಮನೆಯ ಕಾರ್ ಶೆಡ್ಡಿನಲ್ಲಿ ಚನ್ನಕೇಶವ ಒಂದು ದಿನವೂ ಕಾರು ನಿಲ್ಲಿಸಿದವನಲ್ಲ. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದು, ಸೂಪರ್‌ವೈಸರ್ ಆಗಿ ನಿವೃತ್ತನಾದ ತಿಂಗಳೇ ಕಬ್ಬಿಣ ಕಡೆಯುವ ಹಳೆಯ ಲೇತೊಂದನ್ನು ತಂದು ಅಲ್ಲಿ ಕೂರಿಸಿದ್ದ. ಮೊಳದುದ್ದದ ಉಗಿ ಇಂಜಿನ್ ಒಂದನ್ನು ತನ್ನ ಕೈಯಾರೆ ಮಾಡಿ ಓಡಿಸಬೇಕು ಎಂಬುದು ಅವನ ಆಸೆ. ಅದಕ್ಕೆ ಬೇಕಾದ ಎರಕದ ತುಂಡುಗಳು ಕೊಯಮತ್ತೂರಿನಿಂದ ಮರದ ಪೆಟ್ಟಿಗೆಯಲ್ಲಿ ಬಂದಿದ್ದವು. ಸಿಲಿಂಡರು, ಫ್ಲೈವೀಲು ಅನ್ನುವ ಭಾರದ ಚಕ್ರ, ಕೆಳಗಿನ ಪೀಠ, ಎಲ್ಲ ಸೇರಿ ಹನ್ನೊಂದು. ಒಂದೊಂದರ ಮೈಮೇಲೂ ಅಚ್ಚಿನ ಮರಳು ಇನ್ನೂ ಅಂಟಿಕೊಂಡಿತ್ತು.

ಇಂಥ ಹುಚ್ಚು ಅವನೊಬ್ಬನಿಗೇ ಇರಲಿಲ್ಲ. ಕೆಂಪಾಪುರದ ಮುನಿರಾಜು, ಅಪ್ಪನ ಕಾಲದ ಹೊಲದಲ್ಲಿ ಮೂರು ಕಟ್ಟಡ ಎಬ್ಬಿಸಿದವನು, ಪ್ರತಿ ಜನವರಿಯಲ್ಲೂ ತನ್ನ ಮೇಲ್ಮಹಡಿಯ ಹಾಲಿನಲ್ಲಿ ಹದಿನೈದಿಪ್ಪತ್ತು ಜನರನ್ನು ಸೇರಿಸುತ್ತಿದ್ದ. ಅವರವರು ಮಾಡಿದ ಇಂಜಿನ್ನುಗಳಿಗೆ ಅಲ್ಲಿ ಉಗಿ ಕೊಟ್ಟು ಓಡಿಸಿ ನೋಡುತ್ತಿದ್ದರು. ಎರಡು ವರ್ಷ ಬರಿಗೈಯಲ್ಲಿ ಹೋಗಿ ಬೇರೆಯವರದ್ದನ್ನು ಹೊಗಳಿ ಬಂದಿದ್ದ ಚನ್ನಕೇಶವ, ಮುಂದಿನ ಸಲ ತನ್ನದನ್ನು ತರುತ್ತೇನೆ ಎಂದು ಎಲ್ಲರೆದುರು ಹೇಳಿಬಿಟ್ಟಿದ್ದ.

ಜೂನ್‌ನಲ್ಲಿ ಅವನ ಹೆಂಡತಿ ಶಾಂತಲಾಳ ತಂಗಿ ರಾಧಾಮಣಿ ಬಂದಳು. ಯಶವಂತಪುರದಲ್ಲಿ ಅವಳಿದ್ದ ಹಳೆಯ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುತ್ತಿದ್ದರು. ಅಷ್ಟು ತಿಂಗಳು ಅಕ್ಕನ ಮನೆಯಲ್ಲಿರಲು ಬಂದಿದ್ದಳು. ಅರವತ್ತು ವರ್ಷ, ಮದುವೆ ಬೇಡವೆಂದು ಒಬ್ಬಳೇ ಇದ್ದವಳು. ಹಿಂದೆ ಗಡಿಯಾರದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದಳು. ಆ ವಿಭಾಗ ಮುಚ್ಚಿದ ಮೇಲೆ ರವಿಕೆ ಹೊಲಿದುಕೊಂಡು ಇದ್ದಳು. ಕಾರ್ಖಾನೆಯಲ್ಲಿ ಏನು ಮಾಡುತ್ತಿದ್ದಳೆಂದು ಚನ್ನಕೇಶವ ಯಾವತ್ತೂ ಕೇಳಿರಲಿಲ್ಲ. ಹೆಂಗಸರು ಸಾಲಾಗಿ ಕೂತು ಮುಳ್ಳು ಜೋಡಿಸುತ್ತಾರೆ ಎಂದಷ್ಟೇ ಅವನ ತಿಳಿವಳಿಕೆ.

ಬಂದ ನಾಲ್ಕನೇ ದಿನ ಅವಳು ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದವಳು ಎದ್ದು ಶೆಡ್ಡಿನ ಬಾಗಿಲಿಗೆ ಬಂದು ನಿಂತಳು.

"ಭಾವ, ಟೂಲು ಸ್ವಲ್ಪ ಕೆಳಗಿದೆ ಅನ್ಸುತ್ತೆ. ಕಿರ್ ಅಂತಿದೆ."

"ಬೀಡು ಕಬ್ಬಿಣ ಅಂದ್ರೆ ಹಂಗೇ ಸದ್ದು ಮಾಡೋದು," ಎಂದ ಅವನು, ತಿರುಗಿ ನೋಡದೆ. ಅವಳು ಹೋದ ಮೇಲೆ ಅಳತೆ ನೋಡಿದ. ಕಬ್ಬಿಣ ಕೊರೆಯುವ ಟೂಲು ತುಂಡಿನ ನಡುಮಟ್ಟಕ್ಕಿಂತ ಅರ್ಧ ಮಿಲಿಮೀಟರ್ ಕೆಳಗಿತ್ತು. ಅದರಡಿಗೆ ತಗಡಿನ ಚೂರು ಕೊಟ್ಟು ಎತ್ತಿದ. ಸದ್ದು ನಿಂತಿತು. ಅಡುಗೆಮನೆಯಲ್ಲಿ ಕೂತವಳಿಗೆ ಸದ್ದು ನಿಂತದ್ದು ಕೇಳಿಸಿರುತ್ತದೆ ಎಂದು ಹೊಳೆದು, ಅವನಿಗೆ ಯಾಕೋ ಲೇತ್ ಆಫ್ ಮಾಡಿ ಪೇಪರ್ ಓದೋಣ ಅನ್ನಿಸಿತು.

ಇಂಜಿನ್ನಿಗೆ ಒಂದು ವಾಲ್ವ್ ರಾಡ್ ಬೇಕಿತ್ತು. ಪೊರಕೆ ಕಡ್ಡಿಗಿಂತ ಸ್ವಲ್ಪ ದಪ್ಪದ ಉಕ್ಕಿನ ಸರಳು, ಒಂದು ತುದಿಗೆ ಕೂದಲೆಳೆಯಂಥ ತಿರುಪಿನ ಮರೆ. ಅಷ್ಟು ಸಣ್ಣದು ಅವನ ಕೈಗೆ ಒಗ್ಗುತ್ತಿರಲಿಲ್ಲ. ಮೂರು ಮಾಡಿ, ಮೂರನ್ನೂ ಬಗ್ಗಿಸಿ ಎಸೆದಿದ್ದ. ನಾಲ್ಕನೆಯದೂ ಬಗ್ಗಿದಾಗ ಶಾಂತಲಾ, "ಒಂದ್ಸಲ ಅವಳ ಕೈಗೆ ಕೊಟ್ಟು ನೋಡ್ರೀ. ಫ್ಯಾಕ್ಟ್ರಿಲಿ ಅವಳು ಮಾಡ್ತಿದ್ದದ್ದೇ ಇದು," ಎಂದಳು.

ಕೊಟ್ಟ. ಅವಳೂ ಒಂದು ಕೆಡಿಸಿದರೆ ಸಮಾಧಾನವಾಗುತ್ತದೆ ಎಂಬ ಲೆಕ್ಕವೂ ಅದರಲ್ಲಿತ್ತು. ರಾಧಾಮಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಬದಲಿಸಿ, ಅರ್ಧ ಗಂಟೆ ಟೂಲನ್ನು ಎಣ್ಣೆಕಲ್ಲಿನ ಮೇಲೆ ಉಜ್ಜುತ್ತಲೇ ಕೂತಳು. ಆಮೇಲೆ ಲೇತಿನ ಹಿಡಿಯ ಮೇಲೆ ಎರಡೇ ಬೆರಳಿಟ್ಟಳು. ಹತ್ತೊಂಬತ್ತು ವರ್ಷದಿಂದ ಮುಟ್ಟಿರದ ಕೆಲಸ. ಸಂಜೆ ಕಾಫಿ ಹೊತ್ತಿಗೆ ಸರಳು ಮೇಜಿನ ಮೇಲಿತ್ತು. ಚನ್ನಕೇಶವ ಮೈಕ್ರೋಮೀಟರ್ ಹಿಡಿದು ಈ ತುದಿಯಿಂದ ಆ ತುದಿವರೆಗೆ ಆರು ಕಡೆ ಅಳೆದ. ಆರು ಕಡೆಯೂ ಒಂದೇ ಅಳತೆ ಬಂತು.

"ಪರವಾಗಿಲ್ಲ," ಎಂದ. ರಾತ್ರಿ ಊಟ ಮುಗಿದ ಮೇಲೆ ಶೆಡ್ಡಿಗೆ ಹೋಗಿ ಸರಳನ್ನು ಇನ್ನೊಮ್ಮೆ ಅಳೆದ. ಹೊಟ್ಟೆಕಿಚ್ಚು ಎಂಬುದನ್ನು ಅವನು ಕಾರ್ಖಾನೆಯಲ್ಲಿ ಬಡ್ತಿ ತಪ್ಪಿದಾಗಲೂ ಅನುಭವಿಸಿದ್ದ. ಆದರೆ ಅಲ್ಲಿ ಮೋಸ, ವಶೀಲಿ ಎಂದು ಬೈದುಕೊಳ್ಳಬಹುದಿತ್ತು. ಇಲ್ಲಿ ಬೈಯಲು ಏನೂ ಇರಲಿಲ್ಲ. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಅವನು ಮಾಡಿದ ಒಂದು ತುಂಡನ್ನೂ ಕೈಗೆತ್ತಿಕೊಳ್ಳದ ಶಾಂತಲಾ ಆ ಸರಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ್ದಳು.

ಮುಂದಿನ ಭಾನುವಾರ ಮುನಿರಾಜು ಬಂದ. ಕೆಲಸ ಎಲ್ಲಿಗೆ ಬಂತೆಂದು ನೋಡುವ ಕುತೂಹಲ. ಮೇಜಿನ ಮೇಲಿನ ಎಲ್ಲವನ್ನೂ ಬಿಟ್ಟು ವಾಲ್ವ್ ರಾಡನ್ನೇ ಎತ್ತಿಕೊಂಡ.

"ಏನ್ ಸಾರ್ ಇದು, ಇಂಗೆ ಮಾಡಿದ್ದೀರಿ. ನಮ್ಮಲ್ಲಿ ಯಾರ್ ಕೈಲೂ ಆಗಲ್ಲ ಬಿಡಿ ಇದು."

"ತಾಳ್ಮೆ ಇದ್ರೆ ಆಗುತ್ತೆ, ಮುನಿರಾಜು," ಎಂದ ಚನ್ನಕೇಶವ. ಮಾತು ಬಾಯಿಂದ ಬಿದ್ದ ಮೇಲೆ ನೋಡಿದರೆ ರಾಧಾಮಣಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಎರಡು ಲೋಟವನ್ನು ಮೇಜಿನ ಮೇಲಿಟ್ಟು, "ಸಕ್ಕರೆ ಕಮ್ಮಿ ಹಾಕಿದ್ದೀನಿ," ಎಂದು ಹೇಳಿ ಒಳಗೆ ಹೋದಳು. ಅವತ್ತಿನಿಂದ ಶೆಡ್ಡಿನ ಕಡೆ ಬರುವುದನ್ನು ಬಿಟ್ಟಳು. ಊಟ, ಮಾತು, ಟಿವಿ ಎಲ್ಲ ಮೊದಲಿನಂತೆಯೇ ನಡೆಯಿತು.

ಒಮ್ಮೆ ಮಾತ್ರ ಬಂದಳು. ಆಗಸ್ಟಿನಲ್ಲಿ ಅವನು ಸಿಲಿಂಡರನ್ನು ಕೊರೆಯಲು ತಯಾರಾಗುತ್ತಿದ್ದ. ಎರಕ ಹೊಯ್ಯುವಾಗಲೇ ನಡುವೆ ಒಂದು ಒರಟು ತೂತನ್ನೂ ಒಂದು ಬದಿಯ ಗೋಡೆಯೊಳಗೆ ಉಗಿ ಹೋಗುವ ದಾರಿಯನ್ನೂ ಬಿಟ್ಟಿರುತ್ತಾರೆ. ಆ ತೂತನ್ನು ಲೇತಿನಲ್ಲಿ ನಯವಾಗಿ ದೊಡ್ಡದು ಮಾಡಬೇಕು. ರಾಧಾಮಣಿ ಬಟ್ಟೆ ಒಣಹಾಕಲು ಹೋಗುತ್ತಿದ್ದವಳು ನಿಂತು ನೋಡಿದಳು.

"ಭಾವ, ಆ ತೂತು ಒಂದ್ ಕಡೆಗೆ ವಾಲಿದೆ. ತೂತು ನೋಡ್ಕೊಂಡು ಸೆಂಟರ್ ಹಿಡೀಬೇಡಿ. ಹೊರಗಡೆ ಮೈಯಿಂದ ಅಳೆದು ಹಿಡೀರಿ. ಇಲ್ದಿದ್ರೆ ಉಗಿ ದಾರಿ ಕಡೆ ಗೋಡೆ ತೆಳ್ಳಗಾಗುತ್ತೆ."

ಅವನಿಗದು ಗೊತ್ತಿರದ ವಿಷಯವೇನಲ್ಲ. ಪಂಪಿನ ಎರಕಗಳಲ್ಲಿ ಇಂಥದನ್ನು ನೂರು ಸಲ ನೋಡಿದ್ದ. ಅವಳು ಬಾಯಿ ಬಿಡದಿದ್ದರೆ ತಾನೇ ಹೊರಮೈಯಿಂದ ಅಳೆಯುತ್ತಿದ್ದನೇನೋ. ಈಗ ಹಾಗೆ ಮಾಡಿದರೆ ಸಿಲಿಂಡರೂ ಅವಳದೇ ಆಗುತ್ತದೆ.

"ಇದು ಗಡಿಯಾರ ಅಲ್ಲ ಕಣಮ್ಮ," ಎಂದ.

ಅವಳು ಬಕೆಟ್ ಎತ್ತಿಕೊಂಡು ಮಹಡಿ ಹತ್ತಿದಳು. ಅವನು ತೂತನ್ನೇ ನೋಡಿಕೊಂಡು ಸೆಂಟರ್ ಹಿಡಿದ. ತೂತು ವಾಲಿರುವುದು ಅವನ ಕಣ್ಣಿಗೂ ಕಾಣುತ್ತಿತ್ತು. ಅಷ್ಟಕ್ಕೆಲ್ಲ ಏನೂ ಆಗುವುದಿಲ್ಲ ಎಂದು ಹೇಳಿಕೊಂಡ. ಕಬ್ಬಿಣದ ಕಪ್ಪು ಪುಡಿ ಸುರಿಯತೊಡಗಿತು. ಮೊದಲ ಸುತ್ತು, ಎರಡನೆಯದು, ಮೂರನೆಯದು ಚೆನ್ನಾಗಿಯೇ ಹೋದವು. ಐದನೆಯ ಸುತ್ತಿನಲ್ಲಿ ಟಕ್ ಟಕ್ ಎಂದು ಸದ್ದು ಬಂತು. ಲೇತ್ ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿದ. ಒಳಗೋಡೆ ಒಡೆದು, ಕಡಲೆಕಾಳಿನಷ್ಟು ಜಾಗದಲ್ಲಿ ಉಗಿ ದಾರಿ ಬಾಯಿ ಬಿಟ್ಟುಕೊಂಡಿತ್ತು. ಇನ್ನು ಆ ತುಂಡು ಕಾಗದದ ಮೇಲೆ ಭಾರಕ್ಕಿಡಲು ಮಾತ್ರ ಲಾಯಕ್ಕು.

"ಎರಕದಲ್ಲೇ ಬ್ಲೋ ಹೋಲ್ ಇತ್ತು. ಒಳಗಡೆ ಗಾಳಿ ಗುಳ್ಳೆ," ಎಂದ ಶಾಂತಲಾಳಿಗೆ. "ಕಳಿಸಿದವನ ತಪ್ಪು."

ಅವಳು ಸಿಲಿಂಡರನ್ನು ತಂಗಿಯ ಕೈಗೆ ಕೊಟ್ಟಳು. "ಹೌದೇನೇ ರಾಧಾ?"

ಚನ್ನಕೇಶವನ ಕಿವಿ ಬಿಸಿಯಾಯಿತು. ರಾಧಾಮಣಿ ತುಂಡನ್ನು ಕಿಟಕಿಯ ಬಳಿ ಒಯ್ದು ಒಳಗೆ ನೋಡಿದಳು. ಒಂದು ಕಡೆಯ ಗೋಡೆ ದಪ್ಪ, ಇನ್ನೊಂದು ಕಡೆಯದು ತೆಳು, ಅದು ಅವಳಿಗೆ ಕಾಣದೆ ಇರುವುದೇ ಇಲ್ಲ.

"ಹೌದಕ್ಕ. ಗುಳ್ಳೆ," ಎಂದಳು.

ಅವಳು ನಿಜ ಹೇಳಿದ್ದರೆ ಅವನು ಕೂಗಾಡಿ, ಎರಡು ದಿನ ಮುನಿಸಿಕೊಂಡು, ಆಮೇಲೆ ಮರೆಯುತ್ತಿದ್ದ. ಹೇಳದೆ ಮಾನ ಉಳಿಸಿಕೊಟ್ಟದ್ದನ್ನು ಸಹಿಸುವುದು ಕಷ್ಟವಾಯಿತು. ಕೈಯೂ ಅವಳದೇ ಮೇಲು, ಮನಸ್ಸೂ ಅವಳದೇ ಮೇಲು ಎಂದಾದರೆ ತನಗೆ ಉಳಿದದ್ದೇನು? ಅವಳು ತೊಳೆದಿಟ್ಟ ಲೋಟದಲ್ಲಿ ನೀರು ಕುಡಿಯುವುದಕ್ಕೂ ಅವನಿಗೆ ಸಿಟ್ಟು ಬರುತ್ತಿತ್ತು.

ಹೊಸ ಸಿಲಿಂಡರಿನ ಎರಕ ಬಂದದ್ದು ನವೆಂಬರಿನಲ್ಲಿ. ಜನವರಿಗೆ ಎಂಟು ವಾರ ಉಳಿದಿತ್ತು. ಈ ತುಂಡೂ ಹೋದರೆ ಇನ್ನೊಂದು ತರಿಸಲು ಸಮಯವಿರಲಿಲ್ಲ. ಅವನು ಅದನ್ನು ಲೇತಿನ ಚಕ್‌ಗೆ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ದಿನ ತುಂಡನ್ನು ಒಳಗೆ ತಂದು, ರವಿಕೆಗೆ ಹುಕ್ ಹಾಕುತ್ತಿದ್ದ ನಾದಿನಿಯ ಮುಂದಿಟ್ಟ.

"ನೀನೇ ಕೊರಿ."

"ನಂಗ್ ಬೇಡ ಭಾವ."

"ಯಾಕೆ?"

ಅವಳು ದಾರ ಕಚ್ಚಿ ತುಂಡರಿಸಿದಳು. "ನಾನ್ ಕೊರೆದ್ರೆ ಅದು ಓಡೋವಾಗೆಲ್ಲ ನಿಮಗೆ ಸಂಕಟ ಆಗುತ್ತೆ. ಅದನ್ನ ನೋಡ್ಕೊಂಡು ನಾನ್ ಈ ಮನೇಲಿ ಊಟ ಮಾಡ್ಬೇಕಲ್ಲ."

ಅವನು ಸಿಲಿಂಡರನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ ಮತ್ತೆ ಕೆಳಗಿಟ್ಟ. ಶಾಂತಲಾ ಒಳಗೆ ಒಗ್ಗರಣೆ ಹಾಕುತ್ತಿದ್ದ ಸದ್ದು ಕೇಳುತ್ತಿತ್ತು.

"ಗುಳ್ಳೆ ಇರಲಿಲ್ಲ," ಎಂದ ಕೊನೆಗೆ. "ನೀನ್ ಹೇಳ್ದೆ ಅಂತಾನೇ ಹಂಗ್ ಮಾಡ್ದೆ."

"ಗೊತ್ತು."

"ಸಂಕಟ ಈಗ್ಲೂ ಆಗ್ತಿದೆ. ನೀನ್ ಕೊರೆದ್ರೂ ಆಗುತ್ತೆ, ಕೊರೀದಿದ್ರೂ ಆಗುತ್ತೆ. ಸಿಲಿಂಡರ್ ಆದ್ರೂ ಆಗ್ಲಿ."

ರಾಧಾಮಣಿಗೆ ನಗು ಬಂತು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು.

ಎರಡು ದಿನ ಹಿಡಿಯಿತು. ಅವನು ಪಕ್ಕದಲ್ಲಿ ನಿಂತು ಪುಡಿ ಗುಡಿಸಿದ, ಕೇಳಿದ ಟೂಲು ಕೊಟ್ಟ. ಕೊನೆಯ ಸುತ್ತಿಗೆ ಅವಳು ಎಷ್ಟು ನಿಧಾನವಾಗಿ ಹಿಡಿ ತಿರುಗಿಸಿದಳೆಂದರೆ, ಬೆರಳು ಚಲಿಸುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಂದು ಸಲ ಅವಳ ಕೈ ನಡುಗಬಾರದೇ ಎಂದು ಅವನ ಮನಸ್ಸು ಹೇಳಿತು. ನಡುಗಲಿಲ್ಲ. ಒಳಗೋಡೆ ಕನ್ನಡಿಯಂತೆ ಬಂತು.

ಜನವರಿಯ ಎರಡನೇ ಭಾನುವಾರ ಮೂವರೂ ಕೆಂಪಾಪುರಕ್ಕೆ ಹೋದರು. ಪುಟ್ಟ ಬಾಯ್ಲರಿನಡಿ ಸ್ಪಿರಿಟ್ ದೀಪ ಹಚ್ಚಿ, ಉಗಿ ಏರಿದ ಮೇಲೆ ಚನ್ನಕೇಶವ ವಾಲ್ವ್ ತಿರುಗಿಸಿದ. ಫ್ಲೈವೀಲು ಒಮ್ಮೆ ಅತ್ತಿತ್ತ ತೂಗಿ, ಹೊರಟೇಬಿಟ್ಟಿತು. ಎಷ್ಟು ಹಗುರವಾಗಿ ಓಡಿತೆಂದರೆ, ಉಗಿಯನ್ನು ಮುಕ್ಕಾಲು ಪಾಲು ಇಳಿಸಿದರೂ ನಿಲ್ಲಲಿಲ್ಲ. ಸುತ್ತಲಿನವರು ಮಾತು ನಿಲ್ಲಿಸಿ ಬಗ್ಗಿ ನೋಡಿದರು.

"ಸಾರ್, ಸಿಲಿಂಡರ್ ಎಂಗ್ ಕೊರೆದ್ರಿ ಏಳ್ಕೊಡಿ," ಎಂದ ಮುನಿರಾಜು.

ತಾಳ್ಮೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ರಾಧಾಮಣಿ ದೂರದಲ್ಲಿ ಯಾರದೋ ರೈಲು ಇಂಜಿನ್ ನೋಡುತ್ತಿದ್ದಳು, ಅವಳಿಗೆ ಕೇಳುವಂತಿರಲಿಲ್ಲ.

"ನಾನಲ್ಲ ಮುನಿರಾಜು. ನನ್ನ ನಾದಿನಿ ಕೊರೆದದ್ದು. ಆವತ್ತು ನೀವು ನೋಡಿದ ವಾಲ್ವ್ ರಾಡೂ ಅವಳದೇ."

ಹೇಳಿದ್ದು ಒಳ್ಳೆಯದಾಯಿತು ಎಂದು ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಎಲ್ಲರೂ ಅವಳತ್ತ ನಡೆದರು. ಒಬ್ಬ ತನ್ನ ಕೆಟ್ಟ ಪಿಸ್ಟನ್ ತೋರಿಸಿದ, ಇನ್ನೊಬ್ಬ ಮೊಬೈಲ್ ನಂಬರ್ ಕೇಳಿದ. ಮುನಿರಾಜು ತನ್ನ ಬಳಿ ಬಿಚ್ಚದೇ ಇದ್ದ ಎರಕದ ಪೆಟ್ಟಿಗೆಯೊಂದನ್ನು ತರಿಸಿ, "ನೀವೇ ಮಾಡಿ ಅಕ್ಕ, ನಮ್ ಕೈಲಾಗಲ್ಲ," ಎಂದು ಅವಳ ಮುಂದಿಟ್ಟ. ಚನ್ನಕೇಶವ ಸ್ಪಿರಿಟ್ ಬಾಟಲಿ ಹಿಡಿದು ತನ್ನ ಇಂಜಿನ್ನಿನ ಪಕ್ಕದಲ್ಲಿ ಒಬ್ಬನೇ ನಿಂತಿದ್ದ. ಶಾಂತಲಾ ಬಂದು ಅವನ ತೋಳು ಮುಟ್ಟಿದಳು.

ಏಪ್ರಿಲ್‌ನಲ್ಲಿ ರಾಧಾಮಣಿ ಯಶವಂತಪುರದ ಹೊಸ ಮನೆಗೆ ಹೋದಳು. ಹೋದ ಒಂದೇ ವಾರದಲ್ಲಿ ಸಣ್ಣದೊಂದು ಲೇತ್ ಕೊಂಡಳು. ಅದನ್ನು ಮಟ್ಟ ನೋಡಿ ಕೂರಿಸಿಕೊಡಲು ಚನ್ನಕೇಶವ ಹೋದ. ಕೆಲಸ ಮುಗಿದ ಮೇಲೆ ಅವಳು ಮುನಿರಾಜು ಕೊಟ್ಟ ಪೆಟ್ಟಿಗೆಯಿಂದ ಫ್ಲೈವೀಲ್ ತೆಗೆದಳು.

"ಭಾವ, ಇಷ್ಟು ದೊಡ್ಡದು ನಾನ್ ಯಾವತ್ತೂ ಮುಟ್ಟಿಲ್ಲ. ಮೇಲ್ಗಡೆ ಸಿಪ್ಪೆ ಗಟ್ಟಿ ಇದೆ, ಟೂಲ್ ತುದೀನೇ ಹೋಗುತ್ತೇನೋ."

"ತೆಳ್ಳಗೆ ತಗೊಂಡ್ರೆ ಹೋಗೇ ಹೋಗುತ್ತೆ. ಮೊದಲ್ನೇ ಸುತ್ತೇ ಆಳ ಹೋಗ್ಬೇಕು, ಸಿಪ್ಪೆ ಕೆಳಗೆ. ಸ್ಪೀಡ್ ಕಮ್ಮಿ ಇಟ್ಕೋ."

ಅವಳು ಹಿಂದಿನ ರವಿಕೆ ಅಳತೆಗಳಿದ್ದ ಪುಸ್ತಕದಲ್ಲಿ ಅದನ್ನು ಬರೆದುಕೊಂಡಳು. ಅವಳಿಗೆ ಗೊತ್ತಿಲ್ಲದ್ದೂ ಒಂದಿದೆ ಎಂದು ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಕೇಳದಿದ್ದರೂ ಇನ್ನೂ ಅರ್ಧ ಗಂಟೆ ಪಂಪಿನ ಎರಕಗಳ ಬಗ್ಗೆ ಹೇಳಿದ. ಅವಳು ಎಲ್ಲವನ್ನೂ ಕೇಳಿದಳು.

ಹೊರಡುವಾಗ ಅವಳ ಕೋಣೆಯನ್ನು ಒಮ್ಮೆ ಸರಿಯಾಗಿ ನೋಡಿದ. ಲೇತಿನ ಎದುರಿಗೇ ಉತ್ತರಕ್ಕೆ ದೊಡ್ಡ ಕಿಟಕಿ. ಕಣ್ಣು ಕುಕ್ಕದ, ನೆರಳು ಬೀಳದ ಬೆಳಕು. ಬಸ್ಸಿನಲ್ಲಿ ಹೆಬ್ಬಾಳ ದಾಟುವವರೆಗೂ ಅವನು ತನ್ನ ಶೆಡ್ಡಿನ ಯಾವ ಗೋಡೆ ಒಡೆದರೆ ಅಂಥ ಕಿಟಕಿ ಇಡಬಹುದೆಂದು ಯೋಚಿಸಿದ. ಉತ್ತರಕ್ಕೆ ಪಕ್ಕದ ಮನೆಯವರ ಗೋಡೆ ಇತ್ತು.