ಒಂದನೇ ನಂಬರಿನ ಕೋಣೆ

ಸುಜಿತ್ ಮಂಡಿಯೂರಿ ಕುಳಿತು, ಪಾರ್ಕಿಂಗಿನ ನೆಲಕ್ಕೆ ಅಂಟಿದ್ದ ಹಳದಿ ಟೇಪನ್ನು ಕಾರಿನ ಕೀಲಿಯಿಂದ ಕೆರೆಯುತ್ತಿದ್ದ. ಇನ್ನರ್ಧ ಗಂಟೆಯಲ್ಲಿ ಅಪ್ಪನ ಹೆಣ ಆಸ್ಪತ್ರೆಯಿಂದ ಬರುವುದಿತ್ತು. ಕೋವಿಡ್ ಅಲ್ಲ, ಹೃದಯ. ಅಷ್ಟರಮಟ್ಟಿಗೆ ರಮಾನಂದ ಪುಣ್ಯವಂತ, ಹೆಣವಾದರೂ ಮನೆಯವರ ಕೈಗೆ ಸಿಕ್ಕಿತ್ತು. ಆದರೆ ಅಪಾರ್ಟ್‌ಮೆಂಟಿನ ಆಡಳಿತದವರು ಅದನ್ನು ಲಿಫ್ಟಿನಲ್ಲಿ ಮೇಲೆ ಒಯ್ಯುವಂತಿಲ್ಲ, ಹತ್ತು ಜನಕ್ಕಿಂತ ಹೆಚ್ಚು ಸೇರುವಂತಿಲ್ಲ, ಏನಿದ್ದರೂ ಕೆಳಗಿನ ಪಾರ್ಕಿಂಗಿನಲ್ಲೇ ಮುಗಿಸಿ ಎಂದು ಚೀಟಿ ಕಳಿಸಿದ್ದರು.

"ಕೀಳಬೇಡ," ಎಂದಳು ವಿನೋದಾ, ಮಾಸ್ಕಿನ ಒಳಗಿನಿಂದಲೇ.

"ಅಮ್ಮಾ, ಬಂದವರು ನೋಡಿದ್ರೆ ಏನಂದ್ಕೋತಾರೆ? ಇಟ್ಸ್ ಎ ಫ್ಯೂನರಲ್."

"ಏನಾದ್ರೂ ಅಂದ್ಕೊಳ್ಳಲಿ. ನಿಮ್ಮಪ್ಪನ ಹತ್ರ ನನ್ನ ಜಗಳ ಇನ್ನೂ ಮುಗಿದಿಲ್ಲ."

ಮಗ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಅಮ್ಮನ ಜಗಳ ಹೇಗೆ ಮುಗಿಯುತ್ತದೆ, ಅಥವಾ ಮುಗಿಯುವುದೇ ಇಲ್ಲ, ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವನು ಮದುವೆಯಾದ ತಿಂಗಳಲ್ಲೇ ದೂರದ ಮಾಂಟ್ ಕಿಯಾರಾ ಬಡಾವಣೆಗೆ ಹೋಗಿ ನೆಲೆಸಿದ್ದ.

*

ಟೇಪು ಅಂಟಿಸಿದವನು ರಮಾನಂದನೇ. ಕಡಲಾಚೆಯ ಈ ಕ್ಲಾಂಗ್ ಬಂದರಿನ ಗೋದಾಮೊಂದರಲ್ಲಿ ಮೂವತ್ತು ವರ್ಷ ಅವನು ಕಂಟೇನರು ತುಂಬಿಸಿದವನು. ಯಾವ ಪೆಟ್ಟಿಗೆ ಎಲ್ಲಿ ಕೂರಬೇಕು ಎಂದು ಹೇಳುವುದೇ ಅವನ ಕೆಲಸ. ಅದಕ್ಕೆ ಬೇಕಾದ ಮಾತು ದಿನಕ್ಕೆ ಹತ್ತೋ ಹನ್ನೆರಡೋ. ಮಿಕ್ಕಿದ್ದನ್ನು ಅವನು ಮನೆಗೂ ತರುತ್ತಿರಲಿಲ್ಲ.

ಊರಾಚೆ ಕೊಂಡಿದ್ದ ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟುವುದೆಂದು ನಿಶ್ಚಯವಾದಾಗ ಲಾಕ್‌ಡೌನ್ ಬಂತು. ಅಪಾರ್ಟ್‌ಮೆಂಟಿನ ಕೆಳಗೆ ಅತಿಥಿಗಳ ಕಾರು ನಿಲ್ಲುವ ಜಾಗ ತಿಂಗಳುಗಟ್ಟಲೆ ಖಾಲಿ ಬಿದ್ದಿತ್ತು. "ಕಾಗದದ ಮೇಲೆ ಎಲ್ಲವೂ ಹಿಡಿಸ್ತದೆ, ನೆಲದ ಮೇಲೆ ನೋಡಬೇಕು," ಎಂದು ಅವನು ಗೋದಾಮಿನಿಂದ ಟೇಪು ತಂದ. ಅದಕ್ಕೂ ಮೊದಲು ಮನೆಯವರಿಗೆಲ್ಲ ಒಂದೊಂದು ಹಾಳೆ ಕೊಟ್ಟು, ಏನೇನು ಬೇಕೋ ಬರೆಯಿರಿ ಎಂದಿದ್ದ. ವಿನೋದಾ ಅಡುಗೆಮನೆಗೆ ದೊಡ್ಡ ಕಿಟಕಿ ಬೇಕು, ತಮ್ಮಿಬ್ಬರ ಕೋಣೆಯ ಫ್ಯಾನು ಎರಡರ ಮೇಲೆ ಹೋಗಕೂಡದು ಎಂದು ಬರೆದಳು. ಅವನ ಅಕ್ಕ ಸರೋಜಿನಿ, ಗಂಡ ಸತ್ತ ಮೇಲೆ ಉಡುಪಿಯಿಂದ ಇಲ್ಲಿಗೇ ಬಂದವಳು, ಬಚ್ಚಲು ಹತ್ತಿರ ಇರಲಿ, ಮೆಟ್ಟಿಲು ಬೇಡ, ಮೈಸೂರಿನ ಒಗ್ಗರಣೆಯ ಘಾಟು ತನ್ನ ಕೋಣೆಗೆ ಬರದಿರಲಿ ಎಂದು ಬರೆದಳು. ಮೈಸೂರಿನವಳು ಆ ಮನೆಯಲ್ಲಿ ಇದ್ದದ್ದು ಒಬ್ಬಳೇ.

ಮರುದಿನ ಬೆಳಿಗ್ಗೆ ನೆಲದ ಮೇಲೆ ಟೇಪಿನ ಗೆರೆಗಳಲ್ಲಿ ಪೂರ್ತಿ ಅಳತೆಯ ಮನೆ ಎದ್ದಿತ್ತು. ಮುಂಬಾಗಿಲಿನ ಪಕ್ಕದಲ್ಲೇ, ಚಪ್ಪಲಿ ಗೂಡಿಗೆ ತಾಗಿ, ಒಂದು ಮಂಚ ಮಾತ್ರ ಹಿಡಿಯುವ ಕಿರುಕೋಣೆ. ಅದರಲ್ಲಿ ಟೇಪಿನಿಂದಲೇ ಬರೆದ ಅಂಕಿ, ಒಂದು. ಅದು ರಮಾನಂದನದು. ನಡುವೆ ಎರಡು, ಸರೋಜಿನಿಯದು. ಹಜಾರ, ಅಡುಗೆಮನೆ ಎಲ್ಲ ದಾಟಿ ತೀರಾ ಹಿಂದೆ ದೊಡ್ಡದಾದ ಮೂರು. ಅದು ವಿನೋದಾಳದು, ಅವಳೊಬ್ಬಳದೇ.

"ಇದೇನ್ರೀ? ನೀವು ಬಾಗಿಲಲ್ಲಿ, ನಾನು ಹಿತ್ತಲಲ್ಲಿ, ಮಧ್ಯ ನಿಮ್ಮಕ್ಕನಾ?"

"ಅದು ಹಾಗೇ ಬರುವುದು," ಎಂದನು ರಮಾನಂದ. ಟೇಪಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದ. ಅಷ್ಟೇ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ನಾಲ್ಕು ತಿಂಗಳು ಉಂಡರು, ಮಲಗಿದರು, ಜಗಳ ಹಾಗೇ ಉಳಿಯಿತು. ವಿನೋದಾ ಅವನೊಡನೆ ಮಾತು ಬಿಟ್ಟಳು. ಊಟಕ್ಕೆ ಕರೆಯಬೇಕಾದರೆ, ನಿಮ್ಮ ತಮ್ಮನಿಗೆ ತಟ್ಟೆ ಹಾಕಿದೆ ಎಂದು ಅತ್ತಿಗೆಗೆ ಹೇಳುತ್ತಿದ್ದಳು. ಮೂವತ್ತು ವರ್ಷ ಜೊತೆಗೆ ಮಲಗಿದವನಿಗೆ ನಾನು ಇಷ್ಟು ಬೇಡವಾದೆನೇ ಎಂಬುದೊಂದೇ ಅವಳನ್ನು ಕೊರೆಯುತ್ತಿತ್ತು. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಿನ್ನೆ ಬೆಳಿಗ್ಗೆ ಕಾಫಿ ಕುಡಿಯುತ್ತ ಒರಗಿದವನು ಮತ್ತೆ ಏಳಲಿಲ್ಲ.

*

ವ್ಯಾನು ಇಳಿಜಾರಿನಲ್ಲಿ ಹಿಮ್ಮುಖವಾಗಿ ಬಂತು. ಹೊತ್ತವರು ಹತ್ತಿರವಾಗಲೆಂದು ಹೆಣವನ್ನು ಮುಂದೆಯೇ ಇಳಿಸಿದರು. ಅದು ಒಂದನೇ ನಂಬರಿನ ಕೋಣೆ. ಅಳತೆ ಸರಿಯಾಗಿತ್ತು, ಚಟ್ಟದ ಎರಡೂ ಬದಿಗೆ ಒಬ್ಬೊಬ್ಬರು ನಿಲ್ಲುವಷ್ಟು ಜಾಗ ಉಳಿಯಿತು. ದೂರ ದೂರ ನಿಲ್ಲಬೇಕೆಂಬ ನಿಯಮವಿದ್ದುದರಿಂದ ಬಂದವರು ತಮಗೆ ತಿಳಿಯದೆಯೇ ಹಜಾರದಲ್ಲಿ ಇಬ್ಬರು, ಅಡುಗೆಮನೆಯಲ್ಲಿ ಒಬ್ಬರು ಎಂದು ಹಂಚಿಹೋದರು. ಸರೋಜಿನಿ ಮಾತ್ರ ಕುರ್ಚಿ ಹಾಕಿಸಿಕೊಂಡು ತನ್ನ ಎರಡರಲ್ಲೇ ಕುಳಿತಳು.

ವಿನೋದಾ ತುಳಸಿ ನೀರು ಹಿಡಿದು ಬಗ್ಗಿದಾಗ ಸರೋಜಿನಿ ಎಲ್ಲರಿಗೂ ಕೇಳುವಂತೆ ಅಂದಳು: "ನಾಲ್ಕು ತಿಂಗಳು ಒಂದು ಮಾತಾಡದವಳು ಈಗ ಬಾಯಿಗೆ ನೀರು ಬಿಡ್ಲಿಕ್ಕೆ ಬಂದಿದ್ದಾಳೆ."

"ಮಧ್ಯ ಗೋಡೆ ಥರ ಕೂತವರು ನೀವು," ಎಂದಳು ವಿನೋದಾ. ನೀರು ಹೆಣದ ಗದ್ದದ ಮೇಲೆ ಹರಿಯಿತು.

ಸುಜಿತ್ ಮಾತು ತಿರುಗಿಸಲು ನೋಡಿದ. ಅಪ್ಪನ ಜೊತೆ ಕೆಲಸ ಮಾಡಿದ್ದ ನಿತ್ಯಾನಂದನ ಕಡೆಗೆ ತಿರುಗಿ, ಹೊಸ ಮನೆಯಲ್ಲಿ ಬಾಗಿಲ ಪಕ್ಕದ ಕೋಣೆ ಇನ್ನು ಯಾರಿಗೂ ಬೇಡ, ಅದನ್ನು ತೆಗೆದರೆ ಇನ್ನೊಂದು ಕಾರು ನಿಲ್ಲುತ್ತದೆ, ನಾಳೆಯೇ ಕಂಟ್ರಾಕ್ಟರಿಗೆ ಹೇಳುತ್ತೇನೆ ಎಂದ. ನಿತ್ಯಾನಂದ ಆಗಲೇ ನೆಲ ನೋಡಿದ್ದು. ಒಂದು, ಎರಡು, ಮೂರು ಎಂದು ಅವನ ಕಣ್ಣು ಹಿಂದಕ್ಕೆ ಹೋಯಿತು.

"ಇದು ರೂಮ್ ನಂಬರ್ ಅಲ್ಲ ಮಾರಾಯ," ಎಂದ. "ಇದು ನಮ್ಮ ಲೋಡಿಂಗ್ ನಂಬರ್. ಯಾವುದು ಮೊದಲು ಇಳೀಬೇಕೋ ಅದಕ್ಕೆ ಒಂದು. ಅದನ್ನು ಬಾಗಿಲ ಹತ್ರ ಇಡುವುದು. ಕೊನೆಗೆ ಇಳಿಯುವುದು ಒಳಗೆ, ಹಿಂದೆ. ಇಲ್ಲದಿದ್ರೆ ಒಂದನ್ನು ತೆಗೀಲಿಕ್ಕೆ ಎಲ್ಲವನ್ನೂ ಕದಲಿಸಬೇಕಾಗ್ತದೆ. ರಮಾನಂದಣ್ಣ ಇದರಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ."

ಹೇಳಿ ಮುಗಿಸಿದ ಮೇಲೆ ಅವನಿಗೇ ಅರ್ಥವಾಯಿತು. ಮಾಸ್ಕನ್ನು ಸುಮ್ಮನೆ ಮೂಗಿನ ಮೇಲಕ್ಕೆ ಎಳೆದುಕೊಂಡ.

ಸರೋಜಿನಿ ತನ್ನ ಕಾಲ ಬಳಿಯ ಎರಡನ್ನು ನೋಡಿದಳು. "ನನಗೆ ಎಪ್ಪತ್ತೊಂದು," ಎಂದಳು. "ಇವನಿಗೆ ಅರವತ್ತಮೂರು. ಒಂದು ನನ್ನದಾಗಬೇಕಿತ್ತು. ಇಷ್ಟು ವರ್ಷ ಪೆಟ್ಟಿಗೆ ಲೆಕ್ಕ ಹಾಕಿದವನಿಗೆ ಅಷ್ಟು ಗೊತ್ತಾಗ್ಲಿಲ್ವಾ?" ಸೆರಗಿನಿಂದ ಬಾಯಿ ಒತ್ತಿಕೊಂಡಳು.

ವಿನೋದಾ ಅಳಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಉತ್ತರ ಸಿಕ್ಕಿತ್ತು, ಆದರೆ ಅದು ಅವಳು ಕೇಳಿದ ಪ್ರಶ್ನೆಯ ಉತ್ತರವಾಗಿರಲಿಲ್ಲ. ಹೆಣದ ಮುಖಕ್ಕೇ ಹೇಳಿದಳು: "ಇಬ್ಬರನ್ನೂ ಕಳಿಸಿಕೊಟ್ಟು ಕೊನೇಲಿ ನಾನೊಬ್ಬಳು ಇರಬೇಕಾ? ನನ್ನನ್ನ ಒಂದು ಮಾತು ಕೇಳಿದ್ರಾ ನೀವು?"

ನಾಲ್ಕು ತಿಂಗಳಲ್ಲಿ ಅವಳು ಗಂಡನಿಗೆ ಆಡಿದ ಮೊದಲ ಮಾತು ಅದು.

ಗಂಡಸರು ಚಟ್ಟ ಎತ್ತಿದರು. ಮುಂಬಾಗಿಲೆಂದು ಬಿಟ್ಟಿದ್ದ ಮೂರೂವರೆ ಅಡಿ ಜಾಗದಿಂದಲೇ ಅದು ಯಾರನ್ನೂ ಕದಲಿಸದೆ ಹೊರಗೆ ಹೋಯಿತು. ವ್ಯಾನು ಇಳಿಜಾರು ಹತ್ತಿತು.

ಪಾರ್ಕಿಂಗಿನಲ್ಲಿ ಉಳಿದದ್ದು ಇಬ್ಬರು ಹೆಂಗಸರು.

"ಅತ್ತಿಗೆ, ಏಳಿ. ಹಿಂದಿನ ಕೋಣೆಗೆ ಹೋಗಿ ಕೂತ್ಕೊಳ್ಳಿ."

"ಅದು ನಿನ್ನದಲ್ವಾ? ನನಗೆ ನಿನ್ನ ಕೋಣೆ ಎಂತಕ್ಕೆ?"

"ನನಗೆ ಬೇಡ. ನಿಮ್ಮ ತಿಥೀನೂ ಮಾಡ್ಕೊಂಡು ಅಲ್ಲಿ ಒಬ್ಬಳೇ ಕೂರೋಕೆ ನನ್ನ ಕೈಲಾಗಲ್ಲ. ಏಳಿ."

ಸರೋಜಿನಿ ಏಳಲಿಲ್ಲ. ಅಂಥವಳೂ ಅಲ್ಲ. ವಿನೋದಾ ಅವಳ ರಟ್ಟೆ ಹಿಡಿದು ಎಬ್ಬಿಸಿದಳು, ಹಜಾರ ದಾಟಿಸಿದಳು, ಅಡುಗೆಮನೆ ದಾಟಿಸಿದಳು, ಕುರ್ಚಿಯನ್ನು ಎಳೆದು ತಂದು ಮೂರರಲ್ಲಿ ಕುಕ್ಕಿದಳು. ಮುದುಕಿ ಬೈಯುತ್ತಲೇ ಕುಳಿತಳು.

ಆಮೇಲೆ ವಿನೋದಾ ಇನ್ನೊಂದು ಕುರ್ಚಿ ತೆಗೆದುಕೊಂಡು ಮುಂದೆ ಬಂದು, ಒಂದರಲ್ಲಿ, ಬಾಗಿಲಿಗೆ ಮುಖ ಮಾಡಿ ಕುಳಿತಳು. ಹೆಣ ಇಟ್ಟ ಜಾಗ ತೊಳೆಯಲೆಂದು ಕಾವಲಿನ ನೇಪಾಳಿ ಬಕೆಟ್ಟು, ಕಸಬರಿಕೆ ಹಿಡಿದು ಬಂದ. ಆಚೆ ಹೋಗಿ ಎಂದು ಕೈಸನ್ನೆ ಮಾಡಿದ. ಅವಳು ಹೋಗಲಿಲ್ಲ, ಕಾಲೆರಡನ್ನೂ ಮೇಲೆತ್ತಿ ಕೂತಳು. ಅವನು ನೀರು ಸುರಿದು ಕುರ್ಚಿಯ ಕೆಳಗೆಲ್ಲ ಬರ್ರೆಂದು ಉಜ್ಜಿದ. ಹೂವಿನ ಎಸಳು, ಅಕ್ಕಿಕಾಳು ತೇಲಿಕೊಂಡು ಮೋರಿಗೆ ಹೋದವು. ಟೇಪು ಏಳಲಿಲ್ಲ.