ಐತವಾರದ ಪಾಟಿ

ಹುಲುಗೇಶ ಏಣಿಯ ಮೇಲೆ ನಿಂತು ಗೇಟಿಗೆ ಫ್ಲೆಕ್ಸ್ ಕಟ್ಟುತ್ತಿದ್ದ. ಒಂದು ತುದಿಯನ್ನು ಕಂಬಕ್ಕೆ ಬಿಗಿದು, ಇನ್ನೊಂದು ತುದಿಯ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ನೀರಿನ ತಂಬಿಗೆ ಹಿಡಿದು ಹೊರಬಂದ ಶಾಂಭವಿ ತಲೆಯೆತ್ತಿ ನೋಡಿ ಅಲ್ಲೇ ನಿಂತುಬಿಟ್ಟಳು.

"ಹುಲುಗೇಶಪ್ಪಾ, ತಡಿ. ಅಕ್ಷರ ತಪ್ಪೈತಿ."

"ಯಾವುದ್ರಿ ಅಕ್ಕಾರ? ಹೆಸರು ಬರೋಬ್ಬರಿ ಐತಿ. ಅಕ್ಕನಾಗಮ್ಮ, ಕುರುಗೋಡು. ಫೋಟೋನೂ ಅವರದ."

"ಶ್ರದ್ಧಾಂಜಲಿ ನೋಡು. ಕೆಳಗಿನ ಒತ್ತಿಗೆ ಹೊಟ್ಟಿ ಸೀಳಿಲ್ಲ. ಬರೀ ದ ಆಗೈತಿ."

ಹುಲುಗೇಶ ದಾರ ಬಿಟ್ಟು ಕತ್ತು ಹೊರಳಿಸಿ ನೋಡಿದ. "ಬಳ್ಳಾರ್ಯಾಗ ಎಲ್ಲಾರಿಗೂ ಹಿಂಗ ಹಾಕೀನ್ರಿ. ಇಲ್ಲೀತನಕ ಹೋದವರು ಯಾರೂ ವಾಪಸ್ ಬಂದು ಕೇಳಿಲ್ಲ."

"ಇವರು ಕೇಳ್ತಾರ" ಎಂದಳು ಶಾಂಭವಿ. ಹೇಳಿದ ಮೇಲೆ ತನಗೇ ನಗು ಬಂದಂತಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುವಿನ ಹಿಂದೆಯೇ ಕಣ್ಣು ತುಂಬಿತು.

ಅತ್ತೆ ಅಕ್ಕನಾಗಮ್ಮ ಬಳ್ಳಾರಿಯ ಒಂದು ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಪ್ರೂಫ್ ನೋಡಿದವರು. ಲಗ್ನಪತ್ರಿಕೆಯಿರಲಿ, ಚುನಾವಣೆಯ ಕರಪತ್ರವಿರಲಿ, ಅವರ ಕೆಂಪು ಪೆನ್ನು ದಾಟದೆ ಹೊರಗೆ ಹೋಗುತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೂ ಮನೆಗೆ ಬಂದ ಲಗ್ನಪತ್ರಿಕೆಯನ್ನು ತಿದ್ದಿಯೇ ದೇವರ ಜಗುಲಿಯ ಮೇಲೆ ಇಡುತ್ತಿದ್ದರು. ಎಪ್ಪತ್ತೆಂಟು ವರ್ಷ. ಇವತ್ತು ಶನಿವಾರ ಬೆಳಗಿನ ಜಾವ, ಯಾರ ನಿದ್ದೆಯನ್ನೂ ಕೆಡಿಸದೆ, ಮಲಗಿದಲ್ಲೇ ಉಸಿರು ಬಿಟ್ಟಿದ್ದರು. ಈಗ ಪಡಸಾಲೆಯಲ್ಲಿ ಹಣೆತುಂಬ ವಿಭೂತಿ ಧರಿಸಿ, ಗೋಡೆಗೆ ಒರಗಿ ಕುಳಿತಿದ್ದರು. ಎದುರಿಗೆ ಹೆಂಗಸರು ತಾಳ ಹಿಡಿದು ಭಜನೆ ಹಾಡುತ್ತಿದ್ದರು.

ಶಾಂಭವಿಗೆ ಅಳುವುದಕ್ಕೆ ಇನ್ನೂ ಪುರಸೊತ್ತು ಸಿಕ್ಕಿರಲಿಲ್ಲ. ಬಂದವರಿಗೆ ನೀರು, ಅಯ್ಯನವರಿಗೆ ಬಿಲ್ವಪತ್ರಿ, ಗಂಡ ಚನ್ನಬಸವರಾಜನಿಗೆ ಹುಡುಕಿದರೂ ಸಿಗದ ಬಿಳಿ ಪಂಚೆ. ಇವುಗಳ ನಡುವೆ ಕಿವಿಯೆಲ್ಲ ಬೀದಿಯ ಆಟೋ ಸದ್ದಿನ ಮೇಲಿತ್ತು. ಅತ್ತೆಯ ಮಗಳು ದಾಕ್ಷಾಯಣಿ ಬರಬೇಕಿತ್ತು, ಸಿರುಗುಪ್ಪದಿಂದ. ಅಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಆ ನಾದಿನಿ ಎರಡು ವರ್ಷದಿಂದ ಶಾಂಭವಿಯ ಜೊತೆ ಮಾತಾಡುತ್ತಿದ್ದಳು, ಉಣ್ಣುತ್ತಿದ್ದಳು, ಆದರೆ ಒಂದು ಮಾತನ್ನು ಮರೆತಿರಲಿಲ್ಲ. ಅದು ಇವತ್ತು ಹೊರಗೆ ಬೀಳುತ್ತದೆಂದು ಶಾಂಭವಿಗೆ ಗೊತ್ತಿತ್ತು.

ಆಟೋ ನಿಂತಿತು. ದಾಕ್ಷಾಯಣಿ ಇಳಿದಳು. ಮೊದಲು ಕಂಡದ್ದು ಫ್ಲೆಕ್ಸು.

"ಇದನ್ಯಾರು ಬರದ್ರು? ಅವ್ವನ ಮನಿ ಬಾಗಲಾಗ ಇಷ್ಟು ದೊಡ್ಡ ತಪ್ಪು!" ಎಂದವಳೇ, ಅವ್ವನಿಲ್ಲ ಎಂಬುದು ಆಗಷ್ಟೇ ನೆನಪಾದವಳಂತೆ, ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿದಳು.

*

ಎರಡು ವರ್ಷದ ಹಿಂದೆ ಅಕ್ಕನಾಗಮ್ಮನವರ ಕಣ್ಣಿನ ಪೊರೆ ತೆಗೆಸಿದ್ದರು. ಆಮೇಲೆ ದಪ್ಪ ಪುಸ್ತಕ ಹಿಡಿದರೆ ಕೈನೋವು, ಸಣ್ಣ ಅಕ್ಷರ ನೋಡಿದರೆ ಕಣ್ಣಲ್ಲಿ ನೀರು. ಓದದೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ದಾಕ್ಷಾಯಣಿ ಒಂದು ಟ್ಯಾಬ್ಲೆಟ್ ತಂದಳು. ಅದೇ ವಾರ ಶಾಂಭವಿಯೂ ಒಂದು ಇ-ರೀಡರ್ ತರಿಸಿದ್ದಳು. ಪುಸ್ತಕ ತೋರಿಸುವುದೊಂದು ಬಿಟ್ಟು ಬೇರೇನೂ ಬಾರದ ಯಂತ್ರ ಅದು.

ಅಕ್ಕನಾಗಮ್ಮ ಎರಡನ್ನೂ ಮಡಿಲಲ್ಲಿಟ್ಟುಕೊಂಡರು. "ಟ್ಯಾಬ್ಲೆಟ್ ಅಂದ್ರ ಗುಳಿಗಿ ಅಲ್ಲೇನು? ದಿನಾ ನಾಕು ನುಂಗ್ತೀನಿ, ಇದು ಐದನೇದು." ಇನ್ನೊಂದನ್ನು ತಿರುಗಿಸಿ ನೋಡಿದರು. "ಇದು ಬಳಪದಾಗ ಬರೀತಿದ್ದ ನಮ್ಮ ಸಾಲಿ ಪಾಟಿ ಇದ್ದಂಗೈತಿ." ಅಂದಿನಿಂದ ಆ ಮನೆಯಲ್ಲಿ ಒಂದು ಗುಳಿಗಿ, ಇನ್ನೊಂದು ಪಾಟಿ.

"ಅವ್ವಾ, ಇದರಾಗ ಬಣ್ಣ ಐತಿ. ನಿನಗ ಬ್ಯಾಸರಾದ್ರ ಅದ ಓದಿ ಹೇಳತೈತಿ. ದಿನಾ ಸಂಜಿಗೆ ನಾ ವಿಡಿಯೋದಾಗ ಬರ್ತೀನಿ" ಎಂದಳು ದಾಕ್ಷಾಯಣಿ. "ಆ ಪಾಟಿ ನೋಡು, ಸತ್ತ ಟೀವಿ ಇದ್ದಂಗೈತಿ."

"ಇದರ ಬೆಳಕು ಕಣ್ಣಿಗೆ ಹೊಡಿಯಂಗಿಲ್ಲ ಅಕ್ಕಾ. ಕೈಗೂ ಹಗುರ. ವಿಡಿಯೋ ನನ್ನ ಫೋನಿನ್ಯಾಗೂ ಐತಲ್ಲ" ಎಂದಳು ಶಾಂಭವಿ.

"ನಿನ್ನ ಫೋನಿಗೆ ಮಾಡಿದ್ರ ನೀ ಒಲಿ ಮುಂದಿರ್ತಿ. ಅವ್ವ ಹಣಿಯಷ್ಟ ತೋರ್ಸಿ, 'ಎಲ್ಲಾ ಆರಾಮ' ಅಂದು ಕೊಟ್ಟುಬಿಡ್ತಾಳ. ಅವ್ವಂದ ಅಂತ ಒಂದಿದ್ರ ಬ್ಯಾರೆ. ಯಾರ್ನೂ ಕೇಳ್ದ ಮಾತಾಡಬೌದು."

ಆ ಮಾತನ್ನು ಶಾಂಭವಿಯೂ ಒಪ್ಪಿದಳು. ಅದರಲ್ಲಿ ತಪ್ಪೇನೂ ಇರಲಿಲ್ಲ.

"ನೀವಿಬ್ರೂ ಸುಮ್ನಿರ್ರಿ. ಪ್ರೂಫ್ ನೋಡಿ ಹೇಳ್ತೀನಿ" ಎಂದು ಅಕ್ಕನಾಗಮ್ಮ ಹಿಂದಿನ ಓಣಿಯ ಚಂದ್ರಣ್ಣನನ್ನು ಕರೆಸಿದರು. ಚಂದ್ರಣ್ಣ ಅದೇ ಮುದ್ರಣಾಲಯದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದವನು. ಆಗೆಲ್ಲ ಅವನು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅಕ್ಕನಾಗಮ್ಮ ಅಚ್ಚಿನ ಹಾಳೆಯ ಮೇಲೆ ಬೆರಳಿಟ್ಟು ನೋಡುತ್ತ ಹೋಗಬೇಕು. ಅವತ್ತೂ ಹಾಗೆಯೇ ಆಯಿತು. ಕಾಗದದ ಪುಸ್ತಕ ಚಂದ್ರಣ್ಣನ ಕೈಯಲ್ಲಿ, ಅದೇ ಪುಸ್ತಕ ಮೊದಲು ಗುಳಿಗಿಯಲ್ಲಿ, ಆಮೇಲೆ ಪಾಟಿಯಲ್ಲಿ. ಚಂದ್ರಣ್ಣ "ಕಾಮಾ", "ಪೂರ್ಣವಿರಾಮ" ಎಂದು ಚಿಹ್ನೆಗಳನ್ನೂ ಬಿಡದೆ ಓದಿದ. ಗುಳಿಗಿಯ ಪುಟದ ನಡುವೆ ಟಿಂಗ್ ಎಂದು ಯಾರದೋ ಶುಭೋದಯದ ಗುಲಾಬಿ ಹೂವು ಇಳಿದು ಬಂತು. ಅಕ್ಕನಾಗಮ್ಮ ಅದನ್ನು ನೊಣ ಓಡಿಸುವಂತೆ ಓಡಿಸಿದರು.

ಐದೈದು ಪುಟ ಮುಗಿಸಿ ಕನ್ನಡಕ ತೆಗೆದು ತೀರ್ಪು ಹೇಳಿದರು. "ಗುಳಿಗ್ಯಾಗ ಮೂರು ತಪ್ಪು ಸಿಕ್ವು. ಅದ ಪುಟ ಪಾಟ್ಯಾಗ ನೋಡಿದ್ರ ಏಳು. ಇದರಾಗ ಕಣ್ಣು ತಪ್ಪಂಗಿಲ್ಲ. ನನಗ ಪಾಟಿನ ಇರ್ಲಿ."

ದಾಕ್ಷಾಯಣಿ ಗುಳಿಗಿಯನ್ನು ಚೀಲಕ್ಕೆ ಹಾಕಿಕೊಂಡು, "ಸೊಸಿ ತಂದಿದ್ದು ರುಚಿ ಹತ್ತತೈತಿ ಬಿಡು" ಎಂದು ಎದ್ದು ಹೋದಳು.

ಆ ಸಂಜೆ ಮೆಂತ್ಯಸೊಪ್ಪು ಸೋಸುತ್ತ ಕುಳಿತಾಗ ಅತ್ತೆ ತಾವಾಗಿಯೇ ಹೇಳಿದರು. "ಶಾಂಭವಿ, ಗುಳಿಗ್ಯಾಗ ಮಾರಿ ಬಂದ್ರ, ಮಗಳು ಬಸ್ಸಿನ್ಯಾಗ ಬರಂಗಿಲ್ಲವ್ವ."

ಶಾಂಭವಿಯ ಕೈ ಸೊಪ್ಪಿನ ಮೇಲೆ ನಿಂತಿತು.

"ಪಾಟಿಗೆ ಬುಕ್ಕು ಹಾಕಾಕ ಆಕೀನ ಬರ್ಬೇಕು ಅಂತೀನಿ. ಮನ್ಯಾಗ ಯಾರಿಗೂ ತಿಳಿಯಂಗಿಲ್ಲ ಅಂತೀನಿ. ಆಕಿ ಮುಂದ ನೀ ಅನಬ್ಯಾಡ ಮತ್ತ. ಬೈಸಿಕೊಳ್ಳೂದು ನಿನ್ನ ಪಾಲಿಗೆ ಬರತೈತಿ, ಬೈಸಿಕೋ."

ಅದುವರೆಗೆ ಯುಗಾದಿಗೆ, ಪಂಚಮಿಗೆ ಬಂದು ಹೋಗುತ್ತಿದ್ದ ದಾಕ್ಷಾಯಣಿ, ಅಲ್ಲಿಂದ ಮುಂದೆ ಹದಿನೈದು ದಿನಕ್ಕೊಂದು ಭಾನುವಾರ ಬರತೊಡಗಿದಳು. ಲ್ಯಾಪ್‌ಟಾಪು, ಒಂದು ವೈರು, ಸಿರುಗುಪ್ಪದ ಸಂತೆಯ ಬದನೆಕಾಯಿ. "ಈ ಸತ್ತ ಪಾಟಿಗೆ ಜೀವ ತುಂಬಾಕ ನಾನ ಬರ್ಬೇಕು" ಎಂದು ಗೊಣಗುತ್ತ ವೈರು ಚುಚ್ಚುವಳು. ಐದು ನಿಮಿಷದ ಕೆಲಸ. ಆಮೇಲೆ ರೊಟ್ಟಿ ಉಂಡು, ಅವ್ವನ ಪಕ್ಕದಲ್ಲಿ ಕಾಲು ಚಾಚಿ ಮಲಗಿ, ತಾಯಿ ಮಗಳು ಯಾವ ಪುಸ್ತಕದಲ್ಲಿ ಎಷ್ಟು ತಪ್ಪು ಎಂದು ಮಾತಾಡಿಕೊಂಡು, ಐದರ ಬಸ್ಸಿಗೆ ಹೋಗುವಳು. ಶಾಂಭವಿಗೆ ಒಮ್ಮೊಮ್ಮೆ ಕುಟುಕು ಮಾತು ಬೀಳುತ್ತಿತ್ತು. ಬೈಸಿಕೊಂಡಳು.

*

ಭಜನೆ ಒಂದು ಗಳಿಗೆ ನಿಂತಿತ್ತು. ಅವ್ವನ ಪಾದದ ಬಳಿ ಅತ್ತು ಹಗುರಾದ ದಾಕ್ಷಾಯಣಿ, ಒಳಗಿನ ಕೋಣೆಯಲ್ಲಿ ಅವ್ವನ ಹಾಸಿಗೆಯ ಮೇಲೆ ಕುಳಿತಿದ್ದಳು. ಶಾಂಭವಿ ಚಹಾ ಹಿಡಿದು ಬಂದಳು. ಹಿಂದೆಯೇ ಮಗಳು ಅಕ್ಷತಾ. ಕಾಲೇಜಿಗೆ ಹೋಗುವ ಹುಡುಗಿ, ಅತ್ತೂ ಅತ್ತೂ ಮೂಗು ಕೆಂಪಾಗಿತ್ತು.

ದಿಂಬಿನ ಪಕ್ಕದಲ್ಲಿ ಪಾಟಿ ಇತ್ತು. ದಾಕ್ಷಾಯಣಿ ಅದನ್ನು ಎತ್ತಿಕೊಂಡು ಗುಂಡಿ ಒತ್ತಿದಳು. ಬೂದು ಪರದೆ ಒಮ್ಮೆ ಕಣ್ಣು ಮಿಟುಕಿಸಿ ತೆರೆಯಿತು. ಒಳಗೆ ಏನೂ ಇರಲಿಲ್ಲ. ಒಂದೇ ಒಂದು ಪುಸ್ತಕವೂ.

"ನೋಡು" ಎಂದಳು. ದನಿ ಮೆಲ್ಲಗಿತ್ತು, ಅದಕ್ಕೇ ಹೆಚ್ಚು ನಾಟಿತು. "ನೋಡು ಶಾಂಭವಿ. ಕೊನೀಗೆ ಓದಾಕ ಒಂದು ಬುಕ್ಕು ಸೈತ ಇದ್ದಿಲ್ಲ ಆಕಿಗೆ. ಇಷ್ಟು ಮಂದಿ ಇರೂ ಮನ್ಯಾಗ ಒಬ್ರಿಗರ ಹಾಕಾಕ ಬರ್ಲಿಲ್ಲ. ಗುಳಿಗಿ ಇದ್ದಿದ್ರ ನಿನ್ನಿ ಸಂಜಿಗೆ ನಾ ಅವ್ವನ ಮಾರಿ ನೋಡ್ತಿದ್ದೆ. ನೀ ಈ ಸತ್ತ ಪಾಟಿ ತಂದಿ."

ಶಾಂಭವಿ ಚಹಾದ ಲೋಟವನ್ನು ಕಿಟಕಿಯ ಮೇಲಿಟ್ಟಳು. ಹೇಳಿದರೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ಇವಳು ಈ ನೋವು ಹೊತ್ತುಕೊಂಡು ಹೋಗುತ್ತಾಳೆ, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ. ತಪ್ಪು ತಿದ್ದುವವರು ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಾರೆ.

"ದಾಕ್ಷತ್ತಿ" ಎಂದಳು ಅಕ್ಷತಾ ಮೂಗೊರೆಸಿಕೊಳ್ಳುತ್ತ. "ಗುರುವಾರತನಕ ಅದರಾಗ ಹನ್ನೊಂದು ಬುಕ್ಕಿದ್ವು. ಅಜ್ಜಿನ ತಗದಾಳ."

"ಏನು ತಗದಾಳ?"

"ಯಾವಾಗ್ಲೂ ತಗೀತಿದ್ಲು. ನೀ ಬರೂ ಐತವಾರ ಹತ್ರ ಬಂತಂದ್ರ ಎಲ್ಲಾ ತಗದು ಖಾಲಿ ಮಾಡಿ ಇಡ್ತಿದ್ಲು. ನಿನ್ನ ಮುಂದ ತಾವ ಅಳಿಸಿ ಹೋದ್ವು ಅಂತಿದ್ಲು. ಹಾಕಾಕೂ ಬರ್ತಿತ್ತು ಆಕಿಗೆ, ನಾನ ಕಲ್ಸೀನಿ. ಎರಡ ದಿನದಾಗ ಕಲ್ತ್ಲು. ನಾಳಿ ಐತವಾರ ಅಲ್ಲ? ನಿನ್ನಿ ರಾತ್ರಿ ಖಾಲಿ ಮಾಡ್ಯಾಳ."

ಇದು ಶಾಂಭವಿಗೂ ಹೊಸ ಸುದ್ದಿ. ಅವಳು ಮಗಳನ್ನೇ ನೋಡಿದಳು. ದಾಕ್ಷಾಯಣಿ ಶಾಂಭವಿಯನ್ನು ನೋಡಿದಳು.

"ಯಾಕ?"

ಶಾಂಭವಿ ಮನಸ್ಸಿನಲ್ಲೇ ಒಮ್ಮೆ ಪಡಸಾಲೆಯ ಕಡೆ ಕೈಮುಗಿದಳು. "ಗುಳಿಗ್ಯಾಗ ಮಾರಿ ಬಂದ್ರ, ಮಗಳು ಬಸ್ಸಿನ್ಯಾಗ ಬರಂಗಿಲ್ಲ ಅಂದ್ರು ಅಕ್ಕಾ. ನಿಮಗ ಹೇಳಬ್ಯಾಡ ಅಂದಿದ್ರು."

ದಾಕ್ಷಾಯಣಿ ಪಾಟಿಯನ್ನು ಮಡಿಲಿಗಿಟ್ಟುಕೊಂಡು ತಲೆ ತಗ್ಗಿಸಿದಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಶಾಂಭವಿ ಹತ್ತಿರ ಹೋದರೆ, ನಗುತ್ತಿದ್ದಳು, ನಗುತ್ತಲೇ ಅಳುತ್ತಿದ್ದಳು.

"ಕಳ್ಳಿ" ಎಂದಳು. "ಎಂಥಾ ಕಳ್ಳಿ ನೋಡು ನಮ್ಮವ್ವ." ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಅಕ್ಷತಾ, ದಪ್ಪ ಮಾರ್ಕರ್ ಐತೇನು? ಕರೀದು."

ಹೊರಗೆ ಹುಲುಗೇಶನ ಏಣಿ ಇನ್ನೂ ಗೇಟಿಗೆ ಒರಗಿತ್ತು. ಅವನು "ಅಕ್ಕಾರ, ಬೀಳ್ತೀರಿ" ಎನ್ನುತ್ತ ಕೆಳಗೆ ಹಿಡಿದುಕೊಂಡ. ದಾಕ್ಷಾಯಣಿ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಎರಡು ಮೆಟ್ಟಿಲು ಹತ್ತಿ, ಒತ್ತಕ್ಷರದ ಹೊಟ್ಟೆಗೆ ಒಂದು ಗೀಟು ಎಳೆದಳು. ಏಣಿಯ ಮೇಲಿಂದಲೇ ಹಿಂದಕ್ಕೆ ಬಾಗಿ ನೋಡಿ, ಗೀಟನ್ನು ಇನ್ನೊಂದಿಷ್ಟು ದಪ್ಪ ಮಾಡಿದಳು.

*

ಕುರುಗೋಡಿನ ಹೊಲದ ಬದುವಿನಲ್ಲಿ, ಮಾವನವರ ಸಮಾಧಿಯ ಪಕ್ಕದಲ್ಲಿ ಕುಣಿ ತೋಡಿದ್ದರು. ಆಚೆಗೆ ಮೆಣಸಿನಗಿಡ, ಅದರಾಚೆ ಗುಡ್ಡ. ಅಕ್ಕನಾಗಮ್ಮನವರನ್ನು ಪದ್ಮಾಸನದಲ್ಲಿ ಕೂಡಿಸಿ, ಅಯ್ಯನವರು ಎಡಗೈಯನ್ನು ಮಡಿಲಿನಿಂದ ತುಸು ಮೇಲೆತ್ತಿ, ಅಂಗೈಯಲ್ಲಿ ಲಿಂಗವನ್ನಿಟ್ಟರು. ತಲೆ ಸ್ವಲ್ಪ ಮುಂದಕ್ಕೆ ಬಾಗಿತ್ತು.

"ಪಾಟಿ ಹಿಡಿದು ಕುಂತಂಗ ಐತಲ್ಲ" ಎಂದಳು ದಾಕ್ಷಾಯಣಿ, ಶಾಂಭವಿಗಷ್ಟೇ ಕೇಳುವಂತೆ.

ಎಲ್ಲರೂ ವಿಭೂತಿ, ಪತ್ರಿ ಹಾಕಿದರು. ಚಂದ್ರಣ್ಣ ಕೊನೆಗೆ ಬಂದ. ಬೊಗಸೆಯ ಪತ್ರಿ ಹಾಕಿ, ಬದುವಿನ ಮೇಲೆ ದಾಕ್ಷಾಯಣಿಯ ಪಕ್ಕ ಕುಳಿತ.

"ಪೂರ್ಣವಿರಾಮ ಬರೋಬ್ಬರಿ ಜಾಗದಾಗ ಬಿತ್ತವ್ವ. ಅಳಬ್ಯಾಡ" ಎಂದ. ತುಸು ತಡೆದು, "ನಿನಗೊಂದು ಮಾತು ಹೇಳ್ಬೇಕು. ಅವತ್ತು ಗುಳಿಗ್ಯಾಗೂ ಏಳ ತಪ್ಪು ಸಿಕ್ಕಿದ್ವು. ನನ್ನ ಕಣ್ಣ ಮುಂದ ಎಣಿಸ್ಯಾಳ. ನಿನ್ನ ಮುಂದ ಮೂರು ಅಂದ್ಲು. ಮೂವತ್ತೊಂದು ವರ್ಷ ಜೋಡಿ ಕೆಲಸ ಮಾಡೀನಿ, ಆಕಿ ಸುಳ್ಳು ಲೆಕ್ಕ ಹೇಳಿದ್ದು ಅದೊಂದ" ಎಂದ.

"ನಾಕು ತಪ್ಪು ಮುಚ್ಚಿಟ್ಲು" ಎಂದಳು ದಾಕ್ಷಾಯಣಿ.

"ಹ್ಞೂಂ. ನಾಕು."

ಅವಳು ಎದ್ದು ಇನ್ನೊಂದು ಹಿಡಿ ಪತ್ರಿ ತೆಗೆದುಕೊಂಡು ಹೋಗಿ ಹಾಕಿ ಬಂದಳು.

*

ಬಳ್ಳಾರಿಗೆ ಮರಳಿ, ಸ್ನಾನ ಮಾಡಿ, ನೆರೆಮನೆಯವರು ತಂದ ಅನ್ನ ಸಾರು ಉಂಡಾಗ ದೀಪ ಹಚ್ಚುವ ಹೊತ್ತಾಗಿತ್ತು. ಅತ್ತೆ ಕುಳಿತಿದ್ದ ಜಾಗದಲ್ಲಿ ಹಣತೆ ಉರಿಯುತ್ತಿತ್ತು. ಮೂರು ದಿನದ ಕಾರ್ಯ ಮುಗಿಸಿಕೊಂಡೇ ಹೋಗುವುದೆಂದು ದಾಕ್ಷಾಯಣಿ ಸಾಲೆಗೆ ಫೋನ್ ಮಾಡಿ ಹೇಳಿದ್ದಳು. ಗೋಡೆಗೆ ಒರಗಿ ಕುಳಿತು ಪಾಟಿಯನ್ನು ಶಾಂಭವಿಯ ಕಡೆ ಸರಿಸಿದಳು.

"ಇದು ನಿನಗಿರ್ಲಿ. ನೀ ತಂದಿದ್ದು. ಇನ್ನರ ಒಂದೀಟು ಕುಂತು ಓದು."

ಕೈಚೀಲದ ಪಕ್ಕದ ಜೇಬಿನಿಂದ ವೈರು ತೆಗೆದಳು. ಬೆಳಿಗ್ಗೆ ಸುದ್ದಿ ಕೇಳಿ ಉಟ್ಟ ಸೀರೆಯಲ್ಲೇ ಓಡಿ ಬಂದಿದ್ದರೂ, ಅದು ಎಂದಿನಂತೆ ಅಲ್ಲೇ ಇತ್ತು. ಅದನ್ನು ಪಾಟಿಯ ಮೇಲಿಟ್ಟಳು. "ಇದೂ ಇಲ್ಲೇ ಇರ್ಲಿ. ಇನ್ನ ನನಗ್ಯಾಕ."

ಶಾಂಭವಿ ಪಾಟಿಯನ್ನು ಕೈಗೆ ತೆಗೆದುಕೊಂಡಳು. ಎರಡು ವರ್ಷದ ಹಿಂದೆ ಅದನ್ನು ತರಿಸಿದವಳು ಅವಳೇ. ಮೊದಲ ಪುಸ್ತಕ ಹಾಕಿ, ಅಕ್ಷರ ದಪ್ಪ ಮಾಡಿ ಅತ್ತೆಯ ಕೈಗೆ ಕೊಟ್ಟವಳೂ ಅವಳೇ.

"ಓದ್ತೀನಿ ಅಕ್ಕಾ" ಎಂದಳು. "ಆದ್ರ ಬುಕ್ಕು ಹಾಕಾಕ ನನಗ ಬರಂಗಿಲ್ಲ."

ಅಕ್ಷತಾ ಬಾಯಿ ತೆರೆದಳು. ಶಾಂಭವಿ ಅವಳ ಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು.

ದಾಕ್ಷಾಯಣಿ ಶಾಂಭವಿಯ ಮುಖವನ್ನು ಅಚ್ಚಿನ ಹಾಳೆಯಂತೆ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ವೈರನ್ನು ಮತ್ತೆ ಎತ್ತಿಕೊಂಡು, ನಾಲ್ಕು ಬೆರಳಿಗೆ ನಿಧಾನವಾಗಿ ಸುತ್ತಿ, ಕೈಚೀಲದ ಪಕ್ಕದ ಜೇಬಿಗೆ ಹಾಕಿ ಜಿಪ್ಪು ಎಳೆದಳು.